ಹದಿಮೂರನೇ ದಿನದ ವಡೆ

ಆ ಕೆಲ್ಸ ಹೋದ ಹುಡುಗನ ಕಾಮಿಡಿ ಸ್ಕೆಚ್ ವಿಡಿಯೋ ನಿಮಗೂ ಬಂದೇ ಇರತ್ತೆ. ಬಂದಿಲ್ಲ ಅಂದ್ರೆ ನಿಮ್ಮನ್ನ ಎಲ್ಲಾ ಫ್ಯಾಮಿಲಿ ಗ್ರೂಪಿಂದ್ಲೂ ತೆಗೆದುಹಾಕಿದಾರೆ ಅಂತರ್ಥ, ಪುಣ್ಯವಂತರು. ಅದೇ ಕಣ್ರೀ, ಹೆಚ್‌ಆರ್ ಮೇಡಂ ಟಿಶ್ಯೂ ಡಬ್ಬ ಅವನ ಕಡೆ ತಳ್ಳೋ ಹಾಗೆ ಮಾಡಿ ತಾವೇ ಒಂದು ಎಳ್ಕೊಂಡು ಮೂಗು ಒರೆಸ್ಕೊಳ್ತಾರಲ್ಲ, ಆಮೇಲೆ ಇವನು ಕೊನೇದಾಗಿ ಒಂದು ಕಾಫಿ ಕುಡ್ದು ಹೋಗೋಣ ಅಂತ ಮಷಿನ್‌ಗೆ ಐಡಿ ಕಾರ್ಡ್ ತೋರ್ಸಿದ್ರೆ ಕೆಂಪು ದೀಪ, ಗೇಟಿಂದಾಚೆ ಬಂದ್ರೆ ಸೆಕ್ಯೂರಿಟಿಯವ್ರು ಟೀ ಕೊಡ್ಸ್ತಾರೆ, ಅಷ್ಟೊತ್ತಿಗೆ ಅಮ್ಮನ ಫೋನು, ಊಟ ಆಯ್ತೇನೋ ಅಂತ, ಇವನು "ಹೂಂ ಅಮ್ಮ, ಇವತ್ತು ಬೇಗ ಬಿಟ್ರು" ಅಂತಾನೆ. ಅಷ್ಟೇ. ಚೆನ್ನಾಗೇ ಮಾಡಿದಾರೆ, ಸುಳ್ಳ್ಯಾಕೆ ಹೇಳ್ಲಿ, ಆ "ಬೇಗ ಬಿಟ್ರು" ಕೇಳಿ ನಂಗೂ ಗಂಟ್ಲು ಕಟ್ತು. ಮಾಡಿದವ್ರ ಮೇಲೆ ನನ್ನ ತಕರಾರಿಲ್ಲ. ನೋಡಿದವ್ರ ಮೇಲಿದೆ.

ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಅದು ಒಂದೇ ದಿನ ನಾಲ್ಕು ಸಲ ಬಂತು. ದೊಡ್ಡಮ್ಮ "ಹುಡುಗ ಲಕ್ಷಣವಾಗಿದಾನೆ, ಯಾವ ಸೀರಿಯಲ್ಲು?" ಅಂತ ಕೇಳಿದ್ರು. ಅತ್ತಿಗೆ ಅಳೋ ಮುಖ ಮೂರು ನಗೋ ಮುಖ ಮೂರು ಹಾಕಿದ್ರು, ಯಾವ ಕಡೆಗೂ ಅನ್ಯಾಯ ಆಗ್ಬಾರ್ದು ಅಂತ. ಚಿಕ್ಕಪ್ಪ ಬ್ಯಾಂಕಿಂದ ರಿಟೈರ್ ಆದವ್ರು, "ನಾವು 34 ವರ್ಷ ಒಂದೇ ಬ್ಯಾಂಕಲ್ಲಿ ನಿಯತ್ತಾಗಿ ದುಡಿದ್ವಿ, ಈಗಿನವ್ರಿಗೆ ನಿಯತ್ತಿಲ್ಲ" ಅಂತ ಬರೆದ್ರು. ಚಿಕ್ಕಪ್ಪ, ನೀವು ಇನ್ನೊಂದ್ಸಲ ನೋಡಿ. ಆ ಸ್ಕೆಚ್‌ನಲ್ಲಿ ಹುಡುಗ ಕಂಪನಿ ಬಿಡಲ್ಲ, ಕಂಪನಿ ಹುಡುಗನ್ನ ಬಿಡತ್ತೆ.

ಇನ್ನು ವಿಮರ್ಶಕರು. ಕನ್ನಡದಲ್ಲಿ ಇಷ್ಟು ಜನ ವಿಮರ್ಶಕರಿದಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್ ಅಂತೆ. ಏಳು ನಿಮಿಷದ್ದಕ್ಕೆ ಸೆಕೆಂಡ್ ಹಾಫ್ ಬೇರೆ. ಟೀ ಸೀನಲ್ಲಿ ಹಿನ್ನೆಲೆ ಮ್ಯೂಸಿಕ್ ಜಾಸ್ತಿ ಆಯ್ತಂತೆ. ಅಳೋದು ಓಕೆ, ಆದ್ರೆ ಕೊನೇಲಿ ಹೊಸ ಕೆಲ್ಸ ಸಿಗೋ ಹಾಗೆ ತೋರ್ಸಿದ್ರೆ ಪಾಸಿಟಿವ್ ಆಗಿರ್ತಿತ್ತಂತೆ. ಒಬ್ರಂತೂ "ಇವ್ನಿಗೆ ಕೆಲ್ಸ ಹೋಗಿರೋ ಫೀಲೇ ಮುಖದಲ್ಲಿ ಬರ್ತಿಲ್ಲ" ಅಂದ್ರು. ಸ್ವಾಮಿ, ಕೆಲ್ಸ ಹೋದವ್ರ ಮುಖ ನೀವು ನೋಡಿದೀರಾ? ಏನೂ ಇರಲ್ಲ ಅದ್ರಲ್ಲಿ. ಲಿಫ್ಟಲ್ಲಿ ಸಿಕ್ರೆ "ಏನ್ ಬಿಸ್ಲು ಅಲ್ವಾ" ಅಂತಾರೆ.

ಇದನ್ನೆಲ್ಲಾ ಓದ್ತಾ ನಂಗೆ ವೈಕುಂಠ ಸಮಾರಾಧನೆ ಊಟ ನೆನಪಾಯ್ತು. ನಮ್ಮ ಕಡೆ ಹದಿಮೂರನೇ ದಿನದ ಊಟಕ್ಕೆ ಹೋದವ್ರು ಮೊದಲ ಹತ್ತು ನಿಮಿಷ ಫೋಟೋ ಮುಂದೆ ನಿಂತು ಛೆ ಛೆ ಅಂತಾರೆ, ಯಜಮಾನ್ರಿಗೆ ಎಷ್ಟು ವಯಸ್ಸಾಗಿತ್ತು, ಶುಗರ್ ಇತ್ತಾ, ಕೊನೇಲಿ ಮಾತಾಡಿದ್ರಾ, ಇದೆಲ್ಲಾ ವಿಚಾರ್ಸಿ ಎಲೆ ಮುಂದೆ ಕೂತ್ರೆ ಮುಗೀತು, ಆಮೇಲೆ ಇರೋದು ವಡೆ ಮಾತ್ರ. ವಡೆ ಗರಿಯಾಗಿತ್ತು, ಪಾಯಸ ಸ್ವಲ್ಪ ನೀರು, ಇವ್ರ ಅಪ್ಪಂದಕ್ಕೆ ಮಾಡ್ಸಿದ್ರಲ್ಲ ಆ ಅಡುಗೆಭಟ್ಟರೇ ವಾಸಿ, ಅವ್ರ ಕೈಲಿ ಸಾರು ಅಂದ್ರೆ ಸಾರು. ನಮ್ಮ ಮಾವ ಒಬ್ರಿದ್ರು, ಯಾರು ಯಾವಾಗ ಹೋದ್ರು ಅನ್ನೋದನ್ನ ಊಟದ ಲೆಕ್ಕದಲ್ಲೇ ನೆನಪಿಟ್ಟಿದ್ರು. "ಅದೇ ಕಣೋ, ಹಯಗ್ರೀವ ಕೆಟ್ಟೋಗಿತ್ತಲ್ಲ, ಅವ್ರು." ಪಾಪ ಮಾವನೂ ಹೋದ್ರು, ಅವ್ರ ಹದಿಮೂರಕ್ಕೆ ವಡೆ ಎಣ್ಣೆ ಕುಡ್ದಿತ್ತು, ನಂಗೂ ಅದೇ ನೆನಪಿರೋದು ನೋಡಿ, ರಕ್ತದಲ್ಲೇ ಇದೆ.

ಇರ್ಲಿ. ಆದ್ರೆ ಸಮಾರಾಧನೆಗೆ ಹೋದವ್ರು ಕಡೇಪಕ್ಷ ಸತ್ತವ್ರ ಮನೆಯವ್ರಿಗೆ ಒಂದು ಮಾತಾಡಿ ಕೈ ತೊಳೀತಾರೆ. ಇಲ್ಲಿ ಅದೂ ಇಲ್ಲ. ಸ್ಕೆಚ್ ಕೆಳಗೆ ಯಾರೋ ಒಬ್ರು ಒಂದೇ ಲೈನ್ ಹಾಕಿದ್ರು, "ನಂದು ಹೋದ ತಿಂಗ್ಳು ಹೋಯ್ತು, ಇನ್ನೂ ಮನೇಲಿ ಹೇಳಿಲ್ಲ." ಅದಕ್ಕೆ ಬಂದ ಉತ್ತರ ಎರಡು. ಒಂದು, "ಸೂಪರ್ ಬ್ರೋ." ಇನ್ನೊಂದು ಡೇಟಾ ಸೈನ್ಸ್ ಕೋರ್ಸ್‌ನವ್ರದು, ಇಎಂಐ ಸೌಲಭ್ಯ ಇದೆಯಂತೆ.

ಲಿಂಕ್ಡ್‌ಇನ್ ಅಂತ ಕೆಲ್ಸದವ್ರ ಫೇಸ್‌ಬುಕ್ ಇದೆಯಲ್ಲ, ಅದ್ರ ಕಡೆ ಹೋಗ್ಲೇಬಾರ್ದಿತ್ತು, ಹೋದೆ. ಅಲ್ಲಿ "ಈ ಸ್ಕೆಚ್ ನಂಗೆ ಲೀಡರ್‌ಶಿಪ್ ಬಗ್ಗೆ ಕಲಿಸಿದ 7 ಪಾಠಗಳು" ಅಂತ ಶುರುವಾಗಿದೆ. ಟಿಶ್ಯೂ ಡಬ್ಬ ಅಂದ್ರೆ ಎಂಪಥಿ ಅಂತೆ. ಕಾಫಿ ಮಷಿನ್ ಅಂದ್ರೆ ಪ್ರೋಸೆಸ್ ಡಿಸಿಪ್ಲಿನ್ ಅಂತೆ. ಸೆಕ್ಯೂರಿಟಿಯವ್ರ ಟೀ ನೆಟ್‌ವರ್ಕಿಂಗ್ ಅಂತೆ! ಬರೆದವ್ರು ಒಂದು ಕಂಪನಿಯ ಪೀಪಲ್ ಹೆಡ್ಡು. ಮೊದಲು ಪರ್ಸೊನೆಲ್ ಡಿಪಾರ್ಟ್‌ಮೆಂಟ್ ಅಂತಿದ್ರು, ಆಮೇಲೆ ಹ್ಯೂಮನ್ ರಿಸೋರ್ಸ್ ಆಯ್ತು, ಈಗ ಪೀಪಲ್. ಹೆಸರು ಮೆತ್ತಗಾದಷ್ಟೂ ಕತ್ತರಿ ಹರಿತ ಆಗ್ತಿದೆ. ಈ ಕಣ್ಣೀರಿನ ಸಂಪ್ರದಾಯಕ್ಕೆ ಒಬ್ಬ ಮೂಲಪುರುಷ ಇದಾನೆ, 2022ರ ಆಗಸ್ಟ್‌ನಲ್ಲಿ ಅಮೆರಿಕದ ಹೈಪರ್‌ಸೋಶಿಯಲ್ ಅನ್ನೋ ಸಣ್ಣ ಕಂಪನಿಯ ಸಿಇಒ ಬ್ರೇಡನ್ ವಾಲೇಕ್ ಇಬ್ರನ್ನ ಕೆಲಸದಿಂದ ತೆಗೆದು, ಕಣ್ಣಲ್ಲಿ ನೀರು ಸುರಿಸ್ತಾ ಇರೋ ತನ್ನದೇ ಸೆಲ್ಫಿ ತೆಗೆದು ಲಿಂಕ್ಡ್‌ಇನ್‌ಗೆ ಹಾಕಿದ. ಕೆಲ್ಸ ಹೋದ ಇಬ್ರ ಫೋಟೋ ಅಲ್ಲ ಸ್ವಾಮಿ, ಕೆಲ್ಸದಿಂದ ತೆಗೆದವನ ಫೋಟೋ. ಅಳ್ತಾ ಅಳ್ತಾ ಫ್ರಂಟ್ ಕ್ಯಾಮೆರಾ ಆನ್ ಮಾಡೋಕೂ ಒಂದು ಸ್ಥಿತಪ್ರಜ್ಞತೆ ಬೇಕು. ಅದಕ್ಕೂ ಮುಂಚೆ 2021ರ ಡಿಸೆಂಬರ್‌ನಲ್ಲಿ ಮನೆಸಾಲ ಕೊಡೋ ಅಮೆರಿಕನ್ ಕಂಪನಿ ಬೆಟರ್ ಡಾಟ್ ಕಾಮ್‌ನ ಸಿಇಒ ವಿಶಾಲ್ ಗರ್ಗ್ ಒಂದೇ ಝೂಮ್ ಕಾಲ್‌ನಲ್ಲಿ 900 ಜನಕ್ಕೆ ಟಾಟಾ ಮಾಡಿದ್ರಲ್ಲ, ಅವ್ರು ಅಳ್ಲಿಲ್ಲ, ಮೂರು ನಿಮಿಷದೊಳಗೆ ಮುಗ್ಸಿದ್ರು. ಯಾಕೋ ಈಗ ಅವ್ರೇ ವಾಸಿ ಅನ್ಸತ್ತೆ.

ಮೆಚ್ಚಲೇಬೇಕಾದ ಇನ್ನೊಂದು ವರ್ಗ ಇದೆ, ಬೆಂಗಳೂರು ಹಿತಚಿಂತಕರು. ಸ್ಕೆಚ್ ನೋಡಿ ಇವ್ರಿಗೆ ಹೊಳೆದಿದ್ದು ಒಂದೇ, ಐಟಿಯವ್ರ ಕೆಲ್ಸ ಹೋದ್ರೆ ಬಾಡಿಗೆ ಇಳಿಯತ್ತೆ, ಸಿಲ್ಕ್ ಬೋರ್ಡ್ ಸಿಗ್ನಲ್ ಖಾಲಿ ಆಗತ್ತೆ, ದೋಸೆ ರೇಟು ಕಮ್ಮಿ ಆಗತ್ತೆ. ತಿಂಗಳಿಗೆ ಲಕ್ಷ ಎಣಿಸ್ದಾಗ ನಮ್ಮನ್ನ ಕೇಳಿದ್ರಾ, ಈಗ ಅನುಭವಿಸ್ಲಿ. ಸರಿ ಅಣ್ಣ, ಅನುಭವಿಸ್ತಾರೆ. ಆದ್ರೆ ಆ ಬಿಲ್ಡಿಂಗ್‌ಗೆ ಕ್ಯಾಬ್ ಓಡಿಸೋ ಮಂಡ್ಯದವ್ರು, ಐದನೇ ಫ್ಲೋರ್ ಗುಡಿಸೋ ಅಕ್ಕ, ಎದುರುಗಡೆ ಗಾಡಿ ಇಟ್ಟು ಚಿತ್ರಾನ್ನ ಮಾರೋ ದಂಪತಿ, ಇವ್ರ್ಯಾರೂ ಲಕ್ಷ ಎಣಿಸಿಲ್ಲ. ಒಂದು ಫ್ಲೋರ್ ಖಾಲಿ ಆದ್ರೆ ಇವ್ರಿಗೆ ಟಿಶ್ಯೂ ಡಬ್ಬಾನೂ ಬರಲ್ಲ, ನಾಳೆಯಿಂದ ಬರ್ಬೇಡಿ ಅಂತ ಸೂಪರ್‌ವೈಸರ್ ಫೋನ್, ಅದೂ ಮಿಸ್ಡ್ ಕಾಲ್ ಕೊಟ್ಟು ಇವ್ರೇ ವಾಪಸ್ ಮಾಡ್ಬೇಕು.

ಕೆಲ್ಸ ಹೋಗೋದು ಐಟಿ ಬಂದ್ಮೇಲೆ ಶುರುವಾಗಿದ್ದು ಅನ್ನೋ ಥರ ಮಾತಾಡ್ತಾರೆ ನೋಡಿ, ಅದೂ ಒಂದು ತಮಾಷೆ. ಕೋಲಾರದ ಚಿನ್ನದ ಗಣಿಗೆ 2001ರ ಫೆಬ್ರವರಿ ಕೊನೇ ದಿನ ಬೀಗ ಬಿತ್ತು. ಈಗ ಕೆಜಿಎಫ್ ಅಂದ್ರೆ ಮಕ್ಕಳಿಗೆ ಗಡ್ಡ, ಸ್ಲೋ ಮೋಷನ್ನು ನೆನಪಾಗತ್ತೆ, ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಬಂದು ರಾತ್ರಿ ವಾಪಸ್ ಹೋಗೋ ಅಲ್ಲಿನ ಜನ ನೆನಪಾಗಲ್ಲ. ಹೆಚ್‌ಎಂಟಿ ವಾಚು? ನಮ್ಮ ಮನೇಲಿ ಈಗ್ಲೂ ಮದುವೇಲಿ ಬಂದ ಹೆಚ್‌ಎಂಟಿ ಇದೆ, ಕೀ ಕೊಟ್ರೆ ಓಡತ್ತೆ. 2016ರಲ್ಲಿ ಕೇಂದ್ರ ಸರ್ಕಾರ ಆ ಕಂಪನೀನೇ ಮುಚ್ಚೋದು ಅಂತ ತೀರ್ಮಾನ ಮಾಡ್ತು. ಆಗ ನಾವೆಲ್ಲಾ ಏನ್ ಮಾಡಿದ್ವಿ? ಅಯ್ಯೋ ದೇಶಕ್ಕೆ ಟೈಮ್ ತೋರ್ಸಿದ ಕಂಪನಿ ಅಂತ ಕೊರಗಿ, ಕ್ಲಿಯರೆನ್ಸ್ ಸೇಲ್‌ನಲ್ಲಿ ಎರಡು ವಾಚು ಜಾಸ್ತಿ ತಗೊಂಡ್ವಿ. ವಡೆ!

ಈ ಐಟಿಯವ್ರ ಲೆಕ್ಕಾನೂ ಸ್ವಲ್ಪ ನೆನಪು ಮಾಡ್ಕೊಳ್ಳಿ. 2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಗಳು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದ್ರು. 2025ರ ಜನವರಿಯಲ್ಲಿ ಎಲ್ ಆಂಡ್ ಟಿ ಕಂಪನಿ ಅಧ್ಯಕ್ಷ ಸುಬ್ರಹ್ಮಣ್ಯನ್ ಅವ್ರು 90ಕ್ಕೆ ಏರ್ಸಿ, ಭಾನುವಾರ ಮನೇಲಿ ಕೂತು ಎಷ್ಟೊತ್ತು ಅಂತ ಹೆಂಡ್ತಿ ಮುಖ ನೋಡ್ತೀರಿ ಅಂತ ಕೇಳಿದ ಮಾತು ಬಯಲಾಯ್ತು. ಮುಂದಿನ ತಿಂಗಳೇ ಇನ್ಫೋಸಿಸ್ ಮೈಸೂರು ಕ್ಯಾಂಪಸ್ಸಿಂದ ಒಳಗಿನ ಪರೀಕ್ಷೆ ಪಾಸಾಗಿಲ್ಲ ಅಂತ 300ಕ್ಕೂ ಹೆಚ್ಚು ಟ್ರೈನಿಗಳನ್ನ ಕಳಿಸಿದ್ರು. ಅವ್ರಲ್ಲಿ ಎಷ್ಟೋ ಮಕ್ಕಳು ಆಫರ್ ಲೆಟರ್ ಇಟ್ಕೊಂಡು ಎರಡೆರಡು ವರ್ಷ ಕಾದು ಸೇರಿದವ್ರು, ಊರಲ್ಲಿ ಪೇಡ ಹಂಚಿ ಆಗಿತ್ತು. ಅದೇ ವರ್ಷ ಜುಲೈನಲ್ಲಿ ಟಿಸಿಎಸ್‌ನವ್ರು ಶೇಕಡಾ 2 ಜನರನ್ನ ತೆಗೀತೀವಿ ಅಂದ್ರು. ಎರಡೇ ಪರ್ಸೆಂಟ್, ಹಾಲಿನ ಫ್ಯಾಟ್ ಥರ. ಬಿಡಿಸಿ ನೋಡಿದ್ರೆ 12,000 ಚಿಲ್ಲರೆ ಜನ, ಹೆಚ್ಚಿನವ್ರು ಮಧ್ಯದ, ಮೇಲಿನ ಹಂತದ ಹುದ್ದೆಯವ್ರು, ಹೋಮ್ ಲೋನ್ ಅರ್ಧಕ್ಕೆ ಬಂದಿರೋರು. ಈಗ ಇವ್ರಿಗೆ ವಾರಕ್ಕೆ ಸೊನ್ನೆ ಗಂಟೆ. ಹೆಂಡ್ತಿ ಮುಖ ನೋಡೋಕೆ ಬೇಕಾದಷ್ಟು ಟೈಮಿದೆ, ತಮ್ಮ ಮುಖ ತೋರ್ಸೋಕೆ ಆಗ್ತಿಲ್ಲ.

ಸ್ಕೆಚ್‌ನಲ್ಲಿ ಎಲ್ರೂ ನಕ್ಕ ಡೈಲಾಗ್ ಒಂದಿದೆಯಲ್ಲ, "ನಾವು ನಿಮ್ಮನ್ನ ತೆಗೀತಿಲ್ಲ, ನೀವೇ ಬಿಡ್ತಿದೀರಾ, ಇಲ್ಲಿ ಸೈನ್ ಮಾಡಿ." ಅದಕ್ಕೆ ಚಪ್ಪಾಳೆ ಏನು, ಬಿದ್ದು ಬಿದ್ದು ನಗೋದೇನು. ನಗೋದಲ್ಲ ಅದು. ಅದು ಹಾಗೇ ನಡೆಯೋದು. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಕೆಲಸದ ಶರತ್ತು, ತೆಗೆಯೋ ನಿಯಮ ಎಲ್ಲಾ ಬರೆದಿಡ್ಬೇಕು ಅಂತಿದ್ದ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ವಿನಾಯಿತಿ ಕೊಟ್ಕೊಂಡೇ ಬಂದ್ರು, ಐದು ವರ್ಷ ಮುಗೀತು ಅನ್ನೋಷ್ಟರಲ್ಲಿ ಮತ್ತೆ ಐದು ವರ್ಷ, 2019ರಲ್ಲೂ ಆಯ್ತು, 2024ರಲ್ಲೂ ಆಯ್ತು, ಯಾವ ಪಕ್ಷ ಕೂತಿದ್ರೂ ಈ ಒಂದು ವಿಷಯದಲ್ಲಿ ಜಗಳಾನೇ ಇಲ್ಲ. ವಿನಾಯಿತಿಗೆ ಶರತ್ತುಗಳಿತ್ತು, ಯಾರನ್ನಾದ್ರೂ ತೆಗೆದ್ರೆ ಕಾರ್ಮಿಕ ಇಲಾಖೆಗೆ ತಿಳಿಸ್ಬೇಕು ಅಂತ. ತೆಗೆದ್ರೆ ತಾನೇ! ಎಲ್ರೂ ಸ್ವ ಇಚ್ಛೆಯಿಂದ, ವೈಯಕ್ತಿಕ ಕಾರಣದಿಂದ, ಒಂದೇ ಮಧ್ಯಾಹ್ನ, ಒಂದೇ ಮೀಟಿಂಗ್ ರೂಮಲ್ಲಿ, ಒಂದೇ ಪೆನ್ನಲ್ಲಿ ರಾಜೀನಾಮೆ ಬರೆದ್ರೆ ತಿಳಿಸೋದೇನು? ಸೈನ್ ಹಾಕ್ಲಿಲ್ಲ ಅಂದ್ರೆ ರಿಲೀವಿಂಗ್ ಲೆಟರ್ ಸಿಗಲ್ಲ, ಎಕ್ಸ್‌ಪೀರಿಯನ್ಸ್ ಲೆಟರ್‌ನಲ್ಲಿ ಏನ್ ಬರೀತಾರೋ ಗೊತ್ತಿಲ್ಲ, ಮುಂದಿನ ಕಡೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಅಂತ ಫೋನ್ ಹೋಗತ್ತೆ. ಹೆದರ್ಸಿ ಬರೆಸ್ಕೊಳ್ಳೋದಕ್ಕೆ ರಾಜೀನಾಮೆ ಅಂತ ಹೆಸ್ರು. ಇದನ್ನ ಕಾಮಿಡಿ ಮಾಡಿ ತೋರ್ಸಿದ್ರೆ ಮಾತ್ರ ನಾವು ನೋಡ್ತೀವಿ, ನೋಡಿ ಹೃದಯ ಒತ್ತಿ ಮುಂದಕ್ಕೆ ತಳ್ತೀವಿ, ಸಾಕಾಗೋಯ್ತು ನಂಗೆ.

ನಂಗೆ ಗೊತ್ತಿರೋ ಒಂದು ಆಫೀಸಲ್ಲಿ, ಹೆಸರು ಬೇಡ, ಫನ್ ಫ್ರೈಡೇ ದಿನ ಟೀಂ ಲೀಡ್ ಈ ಸ್ಕೆಚ್ಚನ್ನ ದೊಡ್ಡ ಸ್ಕ್ರೀನ್ ಮೇಲೆ ಹಾಕಿ ಎಲ್ರಿಗೂ ಸಮೋಸ ಕೊಡ್ಸಿದ್ರಂತೆ. ಹದಿನಾಲ್ಕು ಜನ ನಕ್ಕರು. ಮುಂದಿನ ಗುರುವಾರ ಹನ್ನೊಂದು ಜನ ಉಳಿದ್ರು. ಆ ಮೂವರಲ್ಲಿ ಒಬ್ಬ ನನ್ನ ಭಾವಮೈದ.

ಅವನು ಅಪ್ಪ ಅಮ್ಮಂಗೆ ಹೇಳಿಲ್ಲ. ಬೆಳಿಗ್ಗೆ ಎಂಟೂವರೆಗೆ ಅದೇ ಇಸ್ತ್ರಿ ಶರ್ಟ್, ಅದೇ ಬ್ಯಾಗು. ಹೋದ ಶನಿವಾರ ನಮ್ಮನೆಗೆ ಬಂದಾಗ ನಾನು ಬ್ಯಾಗ್ ಎತ್ತಿ ಪಕ್ಕಕ್ಕಿಟ್ಟೆ, ಕಲ್ಲಿನಂಗಿತ್ತು. ಲ್ಯಾಪ್‌ಟಾಪ್ ವಾಪಸ್ ಕೊಟ್ಟಿದೀಯಲ್ಲೋ ಅಂದ್ರೆ ಜಿಪ್ ತೆಗೆದು ತೋರ್ಸಿದ, ಒಂದು ಮೊಸರನ್ನದ ಡಬ್ಬಿ, ಛತ್ರಿ, ಇಂಜಿನಿಯರಿಂಗ್‌ನಲ್ಲಿ ಓದಿದ್ದ ಡೇಟಾ ಸ್ಟ್ರಕ್ಚರ್ಸ್ ಪುಸ್ತಕ ಎರಡು, ದಪ್ಪದ್ದು. "ಬ್ಯಾಗ್ ಹಗುರ ಇದ್ರೆ ಅಮ್ಮಂಗೆ ಗೊತ್ತಾಗತ್ತೆ ಭಾವ, ಅವ್ಳೇ ದಿನಾ ಎತ್ತಿ ಕೊಡೋದು." ಹಗಲೆಲ್ಲಾ ಲಾಲ್‌ಬಾಗಲ್ಲಿ ಕೂರ್ತಾನೆ, ಅಲ್ಲೇ ನೌಕ್ರಿ ಡಾಟ್ ಕಾಮಲ್ಲಿ ಕೆಲ್ಸಕ್ಕೆ ಅಪ್ಲೈ ಮಾಡ್ತಾನೆ, ಮಳೆ ಬಂದ್ರೆ ಮೆಟ್ರೋದಲ್ಲಿ ಆ ತುದಿಯಿಂದ ಈ ತುದಿಗೆ.

ಸ್ಕೆಚ್ ಹೆಂಗಿತ್ತೋ ಅಂತ ಕೇಳೋಕೆ ಹೋಗಿ ನಾಲಿಗೆ ಕಚ್ಚಿಕೊಂಡೆ, ಅವನೇ ತೆಗೆದ. ಚೆನ್ನಾಗಿತ್ತು ಭಾವ, ಎರಡು ಕಡೆ ತಪ್ಪಿದೆ ಅಷ್ಟೇ ಅಂದ. ಒಂದು, ಅವನ ಆಫೀಸಲ್ಲಿ ಕಾಫಿ ಮಷಿನ್‌ಗೆ ಕಾರ್ಡ್ ಬೇಕಿರ್ಲಿಲ್ಲ, ಕೊನೇ ದಿನ ಎರಡು ಕಪ್ ಕುಡ್ದ. ಇನ್ನೊಂದು, ಸೆಕ್ಯೂರಿಟಿಯವ್ರು ಟೀ ಕೊಡ್ಸ್ಲಿಲ್ಲ. ನಾಲ್ಕು ವರ್ಷ ದಿನಾ ನಮಸ್ಕಾರ ಹೊಡೀತಿದ್ದವ್ರು ಅವತ್ತು ಬ್ಯಾಗ್ ಬಿಚ್ಚಿಸಿ, ಇವನ ಸ್ವಂತ ಚಾರ್ಜರ್ ತೆಗೆದಿಟ್ಕೊಂಡು, "ಸಾರಿ ಸರ್, ಮೇಲಿಂದ ಹೇಳಿದಾರೆ" ಅಂದ್ರಂತೆ. "ಅವ್ರ ತಪ್ಪೇನಿಲ್ಲ ಬಿಡಿ, ಕಾಂಟ್ರಾಕ್ಟ್‌ನವ್ರು" ಅಂತ ಇವನೇ ಸಮಾಧಾನ ಬೇರೆ.

ಅಷ್ಟರಲ್ಲಿ ಅವನ ಫೋನ್ ಟಿಂಗ್ ಅಂತು. ನಮ್ಮತ್ತೆ, ಅಂದ್ರೆ ಅವನ ಅಮ್ಮ, ಅದೇ ಸ್ಕೆಚ್ ಕಳಿಸಿದ್ರು, ಕೆಳಗೆ ವಾಯ್ಸ್ ಮೆಸೇಜು. "ನೋಡೋ, ಪಾಪ ಎಂತೆಂಥ ಮಕ್ಕಳಿಗೆ ಏನೇನು ಕಷ್ಟ. ನಿಂದು ಒಳ್ಳೇ ಕಂಪನಿ, ರಾಯರು ದೊಡ್ಡವರು. ಬರ್ತಾ ಕೊತ್ತಂಬರಿ ಸೊಪ್ಪು ತಗೊಂಡ್ಬಾ."

ಅವನು ಹೆಬ್ಬೆಟ್ಟು ಒತ್ತಿ, ಬ್ಯಾಗ್ ಹೆಗಲಿಗೆ ಹಾಕ್ಕೊಂಡ.