ಸತ್ಯಾಂಶ: ಎಡಿಎಚ್‌ಡಿಗೆ ದಿನಕ್ಕೊಂದೇ ಮಾತ್ರೆ ಅಂದ್ರೆ ‘ಜಾಸ್ತಿ ಪವರ್’ ಅಂತಲ್ಲ

"ದಿನಕ್ಕೊಂದೇ ನುಂಗುವ ಎಡಿಎಚ್‌ಡಿ ಮಾತ್ರೆ ತುಂಬಾ ಸ್ಟ್ರಾಂಗ್, ಮಕ್ಕಳಿಗೆ ಚಟ ಹತ್ತಿಸುತ್ತದೆ" ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. (ಎಡಿಎಚ್‌ಡಿ ಅಂದ್ರೆ ಗಮನ ನಿಲ್ಲದಿರುವ, ಅತಿಯಾಗಿ ಚಡಪಡಿಸುವ ತೊಂದರೆ.)

ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಔಷಧವನ್ನೇ ನೋಡಿ. ಸಾಮಾನ್ಯ ಮಾತ್ರೆ, ದಿನಕ್ಕೊಂದೇ ನುಂಗುವ ದೀರ್ಘಾವಧಿಯ ಮಾತ್ರೆ, ಎರಡರಲ್ಲೂ ಇರುವುದು ಅದೇ. ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು 3-4 ಗಂಟೆ. ಹಾಗಾಗಿ ದಿನಕ್ಕೆ ಎರಡು ಮೂರು ಸಲ ಬೇಕಾಗುತ್ತದೆ. ದೀರ್ಘಾವಧಿಯದ್ದು, ಬ್ರ್ಯಾಂಡ್ ನೋಡಿಕೊಂಡು, 8ರಿಂದ 12 ಗಂಟೆ ಕೆಲಸ ಮಾಡುತ್ತದೆ.

ಅದರಲ್ಲಿ ಒಂದು ಬಗೆಯ ರಚನೆ ನಿಜಕ್ಕೂ ಸೊಗಸು. ಹೊರಲೇಪನದಲ್ಲಿರುವ ಸ್ವಲ್ಪ ಔಷಧ ಬೇಗ ಕರಗುತ್ತದೆ. ಆಮೇಲೆ ಒಳಗೆ ನೀರು ಸೇರಿ ಒಂದು ಪದರ ಉಬ್ಬುತ್ತದೆ, ಉಳಿದ ಔಷಧವನ್ನು ಸಣ್ಣ ತೂತಿನಿಂದ ನಿಧಾನವಾಗಿ ಹೊರಗೆ ತಳ್ಳುತ್ತದೆ. ಖಾಲಿ ಚಿಪ್ಪು ಮಲದಲ್ಲಿ ಕಾಣಿಸಬಹುದು, ಗಾಬರಿ ಬೇಡ. ಇದರ 18 ಮಿ.ಗ್ರಾಂ. ಮಾತ್ರೆ, 5 ಮಿ.ಗ್ರಾಂ. ಸಾಮಾನ್ಯ ಮಾತ್ರೆಯನ್ನು ದಿನಕ್ಕೆ 3 ಸಲ ಕೊಟ್ಟದ್ದಕ್ಕೆ ಹೆಚ್ಚುಕಡಿಮೆ ಸಮ. ಅಂಕಿ ದೊಡ್ಡದಿದೆ ಅಂತ ಸುಮ್ನೆ ಹೆದರಬೇಕಿಲ್ಲ, ಅಲ್ವಾ?

ಚಟದ ಮಾತು ಇನ್ನೂ ಉಲ್ಟಾ. ದುರುಪಯೋಗದ ಅಪಾಯ ಎರಡಕ್ಕೂ ಇದೆ. ಆದರೆ ರಕ್ತದಲ್ಲಿ ಔಷಧ ದಿಢೀರನೆ ಏರಿದಾಗಲೇ ಮತ್ತಿನ ಸೆಳೆತ ಜಾಸ್ತಿ. ನಿಧಾನವಾಗಿ ಬಿಡುವ ಮಾತ್ರೆಯಲ್ಲಿ ಅದು ಕಡಿಮೆ.

ಹಸಿವು ತಗ್ಗುವುದು, ನಿದ್ದೆ ಕೆಡುವುದು ಎರಡರಲ್ಲೂ ಉಂಟು. ದೀರ್ಘಾವಧಿಯದ್ದನ್ನು ಬೆಳಿಗ್ಗೆಯೇ ಕೊಡಿ, ಪುಡಿ ಮಾಡಬೇಡಿ, ಅಗಿಯಲು ಬಿಡಬೇಡಿ. ಫಾರ್ವರ್ಡ್ ನೋಡಿ ಮಾತ್ರೆ ಬದಲಿಸುವ ಮುಂಚೆ ದಯವಿಟ್ಟು ವೈದ್ಯರನ್ನು ಕೇಳಿ.