ಗೋಡೆಗೆ ಅಂಟಿಸುವ ಮೊದಲು ಆಚಾರ್‌ರನ್ನು ಕೇಳಿ

ವಾರ್ಡ್‌ರೋಬನ್ನು ಗೋಡೆಗೆ ಪೂರ್ತಿ ಅಂಟಿಸಿ ಮಾಡಿಸಿದರೆ ಜಾಗ ಉಳಿಯುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಬಯಲುಸೀಮೆಗೆ ಸರಿ. ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಹಾಗೆ ಮಾಡಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ರೇಷ್ಮೆ ಸೀರೆಗೆಲ್ಲ ಬೂಷ್ಟು!

ನಮ್ಮನೆಗೆ ಮರಗೆಲಸಕ್ಕೆ ಬಂದ ಆಚಾರ್‌ರು ಟೇಪು ಹಿಡಿಯುವ ಮೊದಲೇ ಗೋಡೆಗೆ ಅಂಗೈ ಒತ್ತಿ ನೋಡಿದರು. "ಎರಚಲು ಯಾವ ಕಡೆಯಿಂದ ಹೊಡೆಯುತ್ತೆ ಅಮ್ಮಾ?" ಅಂತ ಕೇಳಿದರು. ನಾನು ತೋರಿಸಿದ ಗೋಡೆ ಬೇಡವೇ ಬೇಡ ಎಂದು ಒಳಗೋಡೆಗೆ ಬದಲಾಯಿಸಿದರು. ಹಿಂದೆ ಎರಡು ಇಂಚು ಸಂದು, ಕೆಳಗೆ ಕಲ್ಲಿನ ಪೀಠ, ಬೆನ್ನಿನ ಹಲಗೆಗೆ ಗಾಳಿಯಾಡಲು ಸಾಲಾಗಿ ತೂತು. ಕಂಪ್ಯೂಟರಲ್ಲಿ ಬಣ್ಣ ಬಣ್ಣದ ಚಿತ್ರ ತೋರಿಸಿದ ಅಂಗಡಿಯವರು ಇದರಲ್ಲಿ ಒಂದನ್ನೂ ಕೇಳಿರಲಿಲ್ಲ.

ಪ್ಲೈವುಡ್ಡನ್ನು ನೀವೇ ಹೋಗಿ ತನ್ನಿ. ಶೀಟಿನ ಮೇಲೆ ಐಎಸ್ (ಭಾರತೀಯ ಮಾನಕ) 710 ಮುದ್ರೆ ಇದ್ದರೆ ಅದು ನೀರು ತಡೆಯುವ ಮರೈನ್ ಪ್ಲೈ. ಐಎಸ್ 303 ಎಂಆರ್ ಅಂದರೆ ಬರೀ ತೇವಕ್ಕೆ ಅಷ್ಟೋ ಇಷ್ಟೋ ತಡೆಯುತ್ತದೆ. ಮರದ ಪುಡಿ ಅಂಟಿಸಿ ಮಾಡಿದ ಪಾರ್ಟಿಕಲ್ ಬೋರ್ಡ್ ಅಂತೂ ಅಂಚಿಗೆ ನೀರು ತಾಗಿದರೆ ಅವಲಕ್ಕಿ ಹಾಗೆ ಉಬ್ಬುತ್ತದೆ. ಒಳಗಿನ ಅಂಚಿಗೂ ಪಟ್ಟಿ ಹಚ್ಚಿಸಿ, ಸುಮ್ನೆ ಬಿಡಬೇಡಿ. ಹಿಂಜು ತುಕ್ಕು ಹಿಡಿಯದ ಸ್ಟೀಲಿನದೇ ಇರಲಿ.

ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಜುಲೈಯಲ್ಲಿ ಪಾಲಿಶ್ ಮಾಡಿಸಿದರೆ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ಕೂಲಿಯಲ್ಲಿ ಸ್ವಲ್ಪ ಭಾಗವನ್ನು ಮಳೆಗಾಲ ಕಳೆದ ಮೇಲೆ ಕೊಡುತ್ತೇವೆ ಅಂತ ಮೊದಲೇ ಮಾತಾಡಿಕೊಳ್ಳಿ. ಬಾಗಿಲು ಉಬ್ಬಿ ಕಚ್ಚಿಕೊಳ್ಳುವುದು ಮಳೆಗಾಲದಲ್ಲೇ ಅಲ್ವಾ? ಒಳ್ಳೆ ಆಚಾರ್‌ರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಉಳಿ ಹಿಡಿದು ಬಂದು ಸರಿ ಮಾಡಿಕೊಡುತ್ತಾರೆ.