ಧ್ಯಾನಕ್ಕೆ ಕೂರಲು ಮೊದಲೇ ದುಡ್ಡು ಕೊಡಬೇಕೇ? ಒಂದು ಸ್ಪಷ್ಟನೆ

"ಬೌದ್ಧ ಧ್ಯಾನದ ಗುಂಪಿನಲ್ಲಿ ದಾನ ಅನ್ನೋದು ಬರೀ ನೆಪ, ಅದು ಬೇರೆ ಹೆಸರಿನ ಫೀಸು, ಕೊಡದಿದ್ದರೆ ಒಳಗೆ ಬಿಡಲ್ಲ" ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಧ್ಯಾನ ಗುರು ಎಸ್. ಎನ್. ಗೋಯೆಂಕಾ ಅವರು 1969ರಲ್ಲಿ ಭಾರತದಲ್ಲಿ ಕಲಿಸಲು ಶುರುಮಾಡಿದ ವಿಪಸ್ಸನ ಎಂಬ ಬೌದ್ಧ ಧ್ಯಾನ ಪದ್ಧತಿಯನ್ನೇ ನೋಡಿ. ಅಲ್ಲಿ 10 ದಿನದ ಶಿಬಿರಕ್ಕೆ ಶುಲ್ಕವಿಲ್ಲ, ಊಟ ವಸತಿಗೂ ಇಲ್ಲ. ಅಷ್ಟೇ ಅಲ್ಲ, ಹೊಸಬರು ಶಿಬಿರ ಮುಗಿಯುವ ಮೊದಲು ದುಡ್ಡು ಕೊಡುತ್ತೇನೆ ಎಂದರೂ ತೆಗೆದುಕೊಳ್ಳುವುದಿಲ್ಲ. ಒಂದು ಶಿಬಿರವನ್ನಾದರೂ ಪೂರ್ತಿ ಮಾಡಿ, ತನಗೆ ಉಪಯೋಗವಾಯಿತು ಅನ್ನಿಸಿದವರು ಮುಂದೆ ಬರುವವರಿಗಾಗಿ ಕೊಡುತ್ತಾರೆ. ಕಲಿಸುವವರಿಗೂ ಸಂಬಳವಿಲ್ಲ. ಫೀಸು ಹೀಗಿರುತ್ತದಾ?

ಹಾಗಂತ ಎಲ್ಲ ಕಡೆ ಎಲ್ಲವೂ ಉಚಿತ ಅಂತಲೂ ಅಲ್ಲ. ಕೆಲವು ಕೇಂದ್ರಗಳು ಉಳಿದುಕೊಳ್ಳುವ ಖರ್ಚು ಕೇಳುತ್ತವೆ, ಅದನ್ನು ಮೊದಲೇ ಹೇಳುತ್ತವೆ. ಕೇಳಿಕೊಂಡು ಹೋಗಿ, ಅದರಲ್ಲೇನು ಸಂಕೋಚ?

ಇನ್ನೊಂದು ಮಾತು. ದಾನ ಅಂದ ಕೂಡಲೇ ದುಡ್ಡೇ ಯಾಕೆ ನೆನಪಾಗಬೇಕು? ಅಡುಗೆ ಮಾಡುವವರು, ಪಾತ್ರೆ ತೊಳೆಯುವವರು, ಹೊಸಬರ ಪಕ್ಕ ಕೂತು ಸಮಾಧಾನವಾಗಿ ಮಾತಾಡುವವರು ಕೊಡುವುದೂ ದಾನವೇ ಅಲ್ವಾ. ಚಿಕ್ಕ ಗುಂಪುಗಳು ಜಾಸ್ತಿ ನಡೆಯುವುದು ಇಂಥವರಿಂದಲೇ. ಯಾರಾದರೂ ಒತ್ತಾಯ ಮಾಡಿ ದುಡ್ಡು ಕೇಳಿದರೆ ಮಾತ್ರ, ಸುಮ್ನೆ ಎದ್ದು ಬನ್ನಿ.